ಅಧ್ಯಕ್ಷರು ಅಂಟಿಸಿದ ಉಂಗುರ

ರಾಕೆಟ್ಟಿನ ಹೊಟ್ಟೆಯೊಳಗೆ ಒಂದು ರಟ್ಟಿನ ಉಂಗುರ ಇರುತ್ತದೆ. ಹೊರಗಿನವರಿಗೆ ಕಾಣುವುದಿಲ್ಲ. ಬಾಲದ ಕಡೆಯಿಂದ ಮದ್ದಿನ ಕೊಳವೆ ತುರುಕಿ ಬೆಂಕಿ ಹಚ್ಚಿದರೆ, ಕೊಳವೆ ಮೇಲಕ್ಕೆ ನುಗ್ಗಿ ಆ ಉಂಗುರವನ್ನು ಒತ್ತುತ್ತದೆ; ಉಂಗುರದ ಜೊತೆಗೆ ಇಡೀ ರಾಕೆಟ್ಟು ಏಳುತ್ತದೆ. ಉಂಗುರ ಕಿತ್ತುಬಂತೋ, ಮದ್ದು ಮೂತಿ ಒಡೆದುಕೊಂಡು ತನಗೆ ತೋಚಿದ ಕಡೆ ಹೋಗುತ್ತದೆ. ಅಂಟಿಗೂ ನಂಟಿಗೂ ಒಂದೇ ಶಾಸ್ತ್ರ: ಒಣಗುವ ಮೊದಲು ಭಾರ ಹಾಕಬಾರದು.

ಈ ಶಾಸ್ತ್ರ ಚಿಕ್ಕಬೀರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ತ್ಯಾಮಗೊಂಡ್ಲು ದಾಟಿ ಮೂರು ಮೈಲಿ ಆಚೆಯ ನಮ್ಮ ಹೈಸ್ಕೂಲಿನಲ್ಲಿ ಅವನು ಮೂರು ವರ್ಷದಿಂದ ಹಂಗಾಮಿ ಸೈನ್ಸ್ ಮೇಷ್ಟ್ರು. ಹಂಗಾಮಿ ಎಂದರೆ ಹಂಗಿನ ಆಸಾಮಿ. ಹಂಗು ಆಡಳಿತ ಮಂಡಳಿಯ ಅಧ್ಯಕ್ಷ ವೆಂಕಟರಾಯಪ್ಪನವರದು. ಮನುಷ್ಯ ಚಂದ್ರನ ಮೇಲೆ ಇಳಿದ ಮರುವರ್ಷ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇಟ್ಟುಕೊಂಡರು. ಶಾಲಾ ಇನ್‌ಸ್ಪೆಕ್ಟರ ಎದುರು ರಾಕೆಟ್ಟು ಹಾರಿದರೆ ಅಲ್ಲೇ ವೇದಿಕೆಯ ಮೇಲೆ ಖಾಯಂ ಆರ್ಡರು ಕೈಗೆ ಎಂದು ಮಾತಾಗಿತ್ತು. ಅದನ್ನು ನೋಡಲೆಂದೇ ಅವನ ತಾಯಿ ಪಿಳ್ಳಮ್ಮ ಶನಿವಾರ ಹೊತ್ತು ಮೂಡುವ ಮುಂಚೆ ಹಟ್ಟಿಯಿಂದ ನಡೆದು ಬಂದು, ಹೆಂಗಸರ ಕಡೆ ಮೊದಲ ಸಾಲಿನಲ್ಲಿ ಕೂತಿದ್ದಳು.

ಒಂಬತ್ತು ಗಂಟೆಗೆ ಹೆಡ್‌ಮಾಸ್ಟರ್ ಗೋಪಾಲಪ್ಪನವರು ಲ್ಯಾಬಿಗೆ ಬಂದರು. ಅವರು "ತತ್ಸಂಬಂಧ" ಎಂದು ಬಾಯಿ ತೆರೆದರೆ ಯಾರದೋ ಒಂದು ಸಂಬಂಧ ಕಡಿಯಿತು ಎಂದೇ ಅರ್ಥ.

"ತತ್ಸಂಬಂಧ ಏನಪ್ಪಾ ಅಂದ್ರೆ, ಅಧ್ಯಕ್ಷರು ತಮ್ಮ ಅಮೃತಹಸ್ತದಿಂದ ಒಳಗಿನ ಉಂಗುರ ಅಂಟಿಸ್ತಾರೆ. ಆಮೇಲೆ ನೀವು ಹಾರಿಸ್ತೀರಿ."

"ಉಂಗುರ ಗುರುವಾರವೇ ಅಂಟಿಸಿಬಿಟ್ಟಿದೀನಲ್ಲ ಸಾರ್."

"ಕಿತ್ತುಬಿಡ್ರಿ."

"ಸಾರ್, ಇದು ಬಡಗಿಗಳ ಸರೇಸು. ಒಣಗೋಕೆ ಪೂರ್ತಿ ಒಂದು ದಿನ ಬೇಕು. ಹಸಿ ಇದ್ದಾಗ ಹಚ್ಚಿದ್ರೆ ಉಂಗುರ ಜಾರಿ ಮದ್ದು ಎಲ್ಲಿಗೆ ನುಗ್ಗುತ್ತೋ ಹೇಳಕ್ಕಾಗಲ್ಲ."

"ಸ್ಟಾಂಪು ನಾಲಿಗೇಲಿ ನೆಕ್ಕಿ ಅಂಟಿಸ್ತೀವಿ, ಡೆಲ್ಲಿವರೆಗೂ ಹೋಗುತ್ತೆ. ನಿಮ್ಮದು ಆ ತೆಂಗಿನ ತೋಟದವರೆಗೂ ಹೋಗಲ್ವೇನ್ರೀ?"

"ಬೇಕಾದ್ರೆ ಬತ್ತಿಗೆ ಬೆಂಕಿ ಅವರೇ ಇಡಲಿ ಸಾರ್."

"ನಾನೂ ಕೇಳ್ದೆ." ಗೋಪಾಲಪ್ಪನವರು ಕತ್ತು ಒಳಗೆಳೆದುಕೊಂಡು, ಹೊಟ್ಟೆ ಮುಂದೆ ಬಿಟ್ಟು, ಗಂಟಲಲ್ಲಿ ಮುದ್ದೆ ಸಿಕ್ಕಿಕೊಂಡ ಹಾಗೆ ಅಧ್ಯಕ್ಷರ ದನಿ ತೆಗೆದರು: "'ಹ್ಞಾಂ, ಬೆಂಕಿ ಅವ್ನಿಡ್ಲಿ, ಅಂಟು ನಾನಿಡ್ತೀನಿ' ಅಂದ್ರು."

ಹೇಳಿದ ಮೇಲೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಬಾಗಿಲ ಕಡೆ ನೋಡಿ ಹೊರಟುಹೋದರು.

ಅಧ್ಯಕ್ಷರದು ತಪ್ಪೆನ್ನುವ ಹಾಗಿರಲಿಲ್ಲ. ನಮ್ಮೂರಲ್ಲಿ ಬಾವಿಗೆ ಮೊದಲ ಗುದ್ದಲಿ, ಕಟ್ಟಡಕ್ಕೆ ಮೊದಲ ಕಲ್ಲು, ಊಟಕ್ಕೆ ಮೊದಲ ಎಲೆ ಎಲ್ಲವೂ ಅವರದೇ. ಬಾವಿಯಲ್ಲಿ ನೀರು ಬರದಿದ್ದರೆ ಮಾತ್ರ ತೋಡಿದವರನ್ನು ಹುಡುಕುತ್ತಿದ್ದರು.

ಚಿಕ್ಕಬೀರಪ್ಪ ಗುರುವಾರದ ಉಂಗುರವನ್ನು ಬೆರಳಿನಿಂದ ಒತ್ತಿ ನೋಡಿದ. ಕಲ್ಲಾಗಿತ್ತು. ಕೀಳಲು ಮನಸ್ಸು ಬರಲಿಲ್ಲ. ಅದನ್ನು ಹಾಗೇ ಬಿಟ್ಟು ಇನ್ನೊಂದು ಉಂಗುರ ಕತ್ತರಿಸಿದ. ಅಧ್ಯಕ್ಷರು ಈ ಎರಡನೆಯದನ್ನು ಅದರ ಕೆಳಗೆ ಅಂಟಿಸಿ ಸಂತೋಷಪಡಲಿ. ಭಾರ ಮಾತ್ರ ಮೊದಲನೆಯದು ಹೊರಲಿ.

ರಾಹುಕಾಲ ಕಳೆದ ಮೇಲೆ ಕಾರ್ಯಕ್ರಮ ಶುರುವಾಯಿತು. ರಾಕೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿದ್ದರು. ವೆಂಕಟರಾಯಪ್ಪನವರು ರೇಷ್ಮೆ ಪಂಚೆ ಸರಿಮಾಡಿಕೊಂಡು, ಬಿಸಿ ಸರೇಸಿನ ಡಬ್ಬಿಯಲ್ಲಿ ಬೆರಳು ಅದ್ದಿ, ನಾತಕ್ಕೆ ಮೂಗು ಮುರಿದು, ರಾಕೆಟ್ಟಿನ ಒಳಗೆ ಬಳಿದರು. ಉಂಗುರ ತೂರಿಸಿದರು. ಜನ ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ಕೈ ತೆಗೆದಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಆವತ್ತು ಅವರಿಗೆ ಕೆಲಸದ ಮೇಲೆ ಶ್ರದ್ಧೆ ಬಂದುಬಿಟ್ಟಿತ್ತು. ಇನ್ನಷ್ಟು ಒಳಗೆ ತಳ್ಳೋಣವೆಂದು ಬೆರಳು ಚಾಚಿದರು.

"ಏನಯ್ಯಾ ಇದು? ಒಳಗೆ ಆಗ್ಲೇ ಒಂದು ಐತೆ?"



ಇನ್‌ಸ್ಪೆಕ್ಟರು ನಕ್ಕರು. "ನಿಮ್ಮ ಮೇಷ್ಟ್ರಿಗೆ ನಿಮ್ಮ ಕೈಮೇಲೆ ನಂಬಿಕೆ ಇದ್ದಂಗಿಲ್ಲ, ರಾಯಪ್ಪನೋರೇ."

ಆ ನಗು ಇಲ್ಲದಿದ್ದರೆ ಏನಾಗುತ್ತಿತ್ತೋ. ಅಧ್ಯಕ್ಷರ ಕಿವಿ ಕೆಂಪಗಾಯಿತು.

"ನಂಗೇ ಟೋಪಿ ಹಾಕ್ತೀಯೇನಯ್ಯಾ? ಕೀಳು ಅದನ್ನ. ಎಲ್ಲರ ಮುಂದೇನೇ ಕೀಳು."

ಹೆಡ್‌ಮಾಸ್ಟರು ಓಡಿಹೋಗಿ ಒಂದು ಉಳಿ ತಂದುಕೊಟ್ಟರು. ಚಿಕ್ಕಬೀರಪ್ಪ ರಾಕೆಟ್ಟನ್ನು ತೊಡೆಗಳ ನಡುವೆ ಹಿಡಿದು ತಾನೇ ಅಂಟಿಸಿದ್ದನ್ನು ತಾನೇ ಕಿತ್ತ. ಸುಲಭಕ್ಕೆ ಬರಲಿಲ್ಲ, ಚೂರು ಚೂರಾಗಿ ಬಂತು. ಒಂದೊಂದು ಚೂರು ಬಿದ್ದಾಗಲೂ ಅಧ್ಯಕ್ಷರು "ಹ್ಞಾಂ, ಇನ್ನೂ ಐತೆ" ಎನ್ನುತ್ತಿದ್ದರು. ಮಕ್ಕಳು ನಕ್ಕರು. ಆಮೇಲೆ ಅಮೃತಹಸ್ತ ಮತ್ತೆ ಬಳಿಯಿತು, ಮತ್ತೆ ತೂರಿಸಿತು.

"ಯಜಮಾನ್ರೇ, ಕೈ ಮುಗೀತೀನಿ. ನಾಳೆ ಹಾರಿಸೋಣ."

"ಇನ್‌ಸ್ಪೆಕ್ಟ್ರು ನಾಳೆ ನಿಮ್ಮಪ್ಪನ್ ಮನೆ ನೆಂಟರಾಗಿ ಬರ್ತಾರಾ?" ಅಧ್ಯಕ್ಷರು ಜುಬ್ಬಾದ ಜೇಬನ್ನು ಎರಡು ಸಲ ತಟ್ಟಿದರು. ಒಳಗಿನ ಕಾಗದ ಸರಸರ ಎಂದಿತು. "ಬೇಕೋ, ಬೇಡ್ವೋ?"

ಚಿಕ್ಕಬೀರಪ್ಪ ತಾಯಿಯ ಕಡೆ ನೋಡಿದ. ಅವಳು ಪಕ್ಕದವಳಿಗೆ, "ಅಗೋ, ನಮ್ ಬೀರ" ಎಂದು ತೋರಿಸುತ್ತಿದ್ದಳು. ಅವನು ಮದ್ದಿನ ಕೊಳವೆ ತುರುಕಿ, ರಾಕೆಟ್ಟನ್ನು ಅಂಗಳದಲ್ಲಿ ನೆಟ್ಟ ಕಂಬಿಗೆ ಸಿಕ್ಕಿಸಿ, ಮಕ್ಕಳನ್ನು ಹಿಂದಕ್ಕೆ ತಳ್ಳಿ, ಬತ್ತಿ ಹಚ್ಚಿದ.

ರಾಕೆಟ್ಟು ಒಂದು ಗೇಣು ಎದ್ದಿತು. ಒಳಗೆ ಟಪ್ಪೆಂದು ಉಂಗುರ ಜಾರಿದ್ದು ಅವನಿಗೆ ಕೇಳಿಸಿತು. ಮೂತಿ ಹಾರಿಹೋಯಿತು. ಮದ್ದು ಅರ್ಧ ಹೊರಗೆ ಬಂದು ರಾಕೆಟ್ಟು ಮಡಚಿಕೊಂಡು ನೆಲಕ್ಕೆ ಬಿತ್ತು. ಬಿದ್ದದ್ದೇ ಬುಸುಗುಟ್ಟುತ್ತ ಹೆಂಗಸರ ಸಾಲಿನ ಕಡೆ ಹೊರಳಿತು. ಅಷ್ಟರಲ್ಲಿ ಅಧ್ಯಕ್ಷರು ಕುರ್ಚಿಯ ಹಿಂದೆ ಅವಿತು ಕೂತಿದ್ದರು. ಚಿಕ್ಕಬೀರಪ್ಪ ಹಾರಿ ಅದನ್ನು ಬಲಗೈಯಲ್ಲಿ ಹಿಡಿದು, ಮದ್ದು ತೀರುವ ತನಕ ಮಣ್ಣಿಗೆ ಒತ್ತಿಕೊಂಡೇ ಇದ್ದ. ಬೇರೆ ಯಾರಿಗೂ ಏನೂ ಆಗಲಿಲ್ಲ.

ಹೆಡ್‌ಮಾಸ್ಟರ ಕೋಣೆಯಲ್ಲಿ ಸುಟ್ಟ ಅಂಗೈ ಮೇಲೆ ಒಂದು ಬಾಟಲಿ ಶಾಯಿ ಸುರಿದರು. ಸುಟ್ಟದ್ದಕ್ಕೆ ಶಾಯಿ ತಂಪು ಎಂದು ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು ಜೇಬಿನ ಕಾಗದ ತೆಗೆದು ನಾಲ್ಕು ಚೂರು ಮಾಡಿದರು. ಗೋಪಾಲಪ್ಪನವರು ಬೇರೊಂದು ಕಾಗದ ಬರೆದು ಓದಿದರು: "ತತ್ಸಂಬಂಧ, ಸದರಿ ಉಂಗುರವನ್ನು ನಾನೇ ಅಂಟಿಸಿದ್ದು. ಮಾನ್ಯ ಅಧ್ಯಕ್ಷರು ಅದನ್ನು ಮುಟ್ಟಿರುವುದಿಲ್ಲ. ನನ್ನ ಅಜಾಗರೂಕತೆಯನ್ನು ಒಪ್ಪಿ, ಸ್ವಇಚ್ಛೆಯಿಂದ ಕೆಲಸ ಬಿಟ್ಟಿರುತ್ತೇನೆ."

"ಊರೆಲ್ಲಾ ನೋಡಿದೆಯಲ್ಲ ಸಾರ್."

"ಊರು ಏನ್ ನೋಡ್ತು ಅಂತ ನಾನು ಹೇಳ್ತೀನಿ," ಅಂದರು ಅಧ್ಯಕ್ಷರು. "ಮದ್ದಿಗೆ ಲೈಸೆನ್ಸ್ ಐತಾ ನಿನ್ ಹತ್ರ? ಪೊಲೀಸ್ರನ್ನ ಕರೆಸ್ಲಾ? ಹಾಕು ರುಜು."

ಚಿಕ್ಕಬೀರಪ್ಪ ಪೆನ್ನು ಹಿಡಿಯಲು ನೋಡಿದ. ಬೆರಳು ಮಡಚಲಿಲ್ಲ. ಪೆನ್ನು ಎರಡು ಸಲ ಬಿತ್ತು.

"ಎಡಗೈ ಹೆಬ್ಬೆಟ್ಟು ಒತ್ತಿಸ್ಕೊಳ್ಳಿ," ಎಂದರು ಅಧ್ಯಕ್ಷರು.

"ಬಿ.ಎಸ್ಸಿ. ಆಗಿದೆ ಅವರಿಗೆ," ಎಂದರು ಇನ್‌ಸ್ಪೆಕ್ಟರು, ಟೀ ಹೀರುತ್ತ.

"ಆಗಿರ್ಲಿ ಬಿಡಿ. ಹೆಬ್ಬೆಟ್ಟೇನು ಫೇಲಾಗಿಲ್ವಲ್ಲ."

ಶಾಯಿಯ ಬಾಟಲಿ ಖಾಲಿಯಾಗಿತ್ತು. ಗೋಪಾಲಪ್ಪನವರು ಒಂದು ಗಳಿಗೆ ಯೋಚಿಸಿ, ಅವನ ಎಡಗೈ ಹೆಬ್ಬೆಟ್ಟನ್ನು ಹಿಡಿದು ಅವನದೇ ಬಲ ಅಂಗೈಯ ಬೊಬ್ಬೆಗಳ ಮೇಲಿನ ಶಾಯಿಯಲ್ಲಿ ಅದ್ದಿ, ಕಾಗದಕ್ಕೆ ಒತ್ತಿದರು. ಗುರುತು ಸ್ವಚ್ಛವಾಗಿ ಮೂಡಿತು.

ಹೊರಗೆ ಕಿಟಕಿಯ ಸರಳು ಹಿಡಿದು ನಿಂತಿದ್ದ ಪಿಳ್ಳಮ್ಮನಿಗೆ ಮಾತು ಕೇಳಿಸಿರಲಿಲ್ಲ. ಹೆಬ್ಬೆಟ್ಟು ಮಾತ್ರ ಕಂಡಿತ್ತು. ಅವಳ ಬದುಕಿನಲ್ಲಿ ಸರ್ಕಾರದ ಕೆಲಸವೆಲ್ಲ ನಡೆದದ್ದು ಹೆಬ್ಬೆಟ್ಟಿನಿಂದಲೇ. ಮಗ ಹೊರಗೆ ಬರುವಷ್ಟರಲ್ಲಿ ಅವಳು ಅಂಗಳದ ಹೆಂಗಸರಿಗೆಲ್ಲ ಹೇಳಿಯಾಗಿತ್ತು.

"ಆಯ್ತು ಕಣ್ರವ್ವಾ, ಖಾಯಮ್ಮು. ಕೈ ಸುಟ್ರೂ ಬಿಡ್ಲಿಲ್ಲ ನೋಡಿ, ಕೂರಿಸ್ಕೊಂಡು ಒತ್ತಿಸ್ಕೊಂಡ್ರು."

ಆಮೇಲೆ ಮಗನ ಕೈಗೆ ಉಫ್ ಉಫ್ ಎಂದು ಊದುತ್ತ, ಅಧ್ಯಕ್ಷರ ಕಾಲಿಗೆ ಬೀಳಲು ಅವನನ್ನು ಎಳೆದುಕೊಂಡು ಮತ್ತೆ ಒಳಗೆ ಹೋದಳು.