ನೀರು ಕುಡಿಯದ ಗ್ಯಾಸು

ಹೊನ್ನಾವರದ ಐಸ್ ಫ್ಯಾಕ್ಟರಿಯಲ್ಲಿ ದೇವಪ್ಪ ಹದಿನೆಂಟು ವರ್ಷದಿಂದ ಅಮೋನಿಯಾ ಯಂತ್ರ ನೋಡಿಕೊಳ್ಳುತ್ತಿದ್ದ. ಅಲ್ಲಿನವರಿಗೆ ಮೂಗೇ ಮೀಟರು. ಅಮೋನಿಯಾ ಸೋರಿದರೆ ಕಣ್ಣುರಿ ಬರುತ್ತದೆ, ಓಡಬೇಕು. ವಾಸನೆ ಇಲ್ಲವೆಂದರೆ ಭಯವಿಲ್ಲ. ಪೈಪು ಬಿಚ್ಚುವ ಮೊದಲು ಒಳಗಿನ ಗ್ಯಾಸನ್ನು ರಬ್ಬರ್ ಪೈಪಿನಿಂದ ನೀರಿನ ಡ್ರಮ್ಮಿಗೆ ಬಿಡುತ್ತಿದ್ದರು. ನೀರು ಅದನ್ನು ಕುಡಿದುಬಿಡುತ್ತಿತ್ತು.

1987ರ ಸೆಪ್ಟೆಂಬರ್ 19, ಶನಿವಾರ, ಕುಮಟಾದ ಸಿಗಡಿ ಶೆಡ್ಡೊಂದರಿಂದ ಕರೆ ಬಂತು. ಅಲ್ಲಿನ ತಂಪು ಕೋಣೆ ಕೆಟ್ಟಿತ್ತು. ದೇವಪ್ಪ ತಂಗಿ ನಾಗಿಯ ಗಂಡ ಈರನನ್ನೂ ಕರೆದುಕೊಂಡು ಹೋದ. ಶೆಡ್ಡಿನ ಹಿಂದಿನ ಕೋಣೆಯಲ್ಲಿ, ಎದೆಯಾಳದ ಗುಂಡಿಯೊಳಗೆ ಯಂತ್ರವಿತ್ತು. ಇದರ ಗ್ಯಾಸು ಅಮೋನಿಯಾ ಅಲ್ಲ, ಫ್ರಿಯಾನ್. ಪೈಪಿಗೆ ಬೆಸುಗೆ ಹಾಕಬೇಕಾದರೆ ಒಳಗಿನ ಇಪ್ಪತ್ತೈದು ಕಿಲೋ ಗ್ಯಾಸನ್ನು ಪೂರ್ತಿ ಖಾಲಿ ಮಾಡಬೇಕಿತ್ತು. ಹಿಂದೆ ಎರಡು ಸಲ ದೇವಪ್ಪ ಅದನ್ನು ಕಿಟಕಿಯಿಂದ ಹೊರಗೆ ಬಿಟ್ಟಿದ್ದ.

ಜಗಲಿಯಲ್ಲಿ ಗುಮಾಸ್ತ ನಾರಾಯಣ ಹಿಂದಿನ ದಿನದ ಪೇಪರು ಓದುತ್ತಿದ್ದ.

"ದೇವಪ್ಪಣ್ಣ, ನಿಮ್ಮ ಗ್ಯಾಸು ಪೇಪರಿಗೆ ಬಂದದೆ. ಕೆನಡಾದಲ್ಲಿ ಇಪ್ಪತ್ನಾಲ್ಕು ದೇಶ ಕೂತು ಸಹಿ ಹಾಕಿದ್ವಂತೆ, ಇದನ್ನ ಕಡಿಮೆ ಮಾಡ್ಬೇಕು ಅಂತ. ಮೇಲೆ ಬಿಸಿಲು ಸೋಸೋ ಪದರ ಅದೆಯಂತಲ್ಲ, ಓಜೋನು, ಅದನ್ನ ತಿಂತದಂತೆ ಇದು. ಪದರ ಹೋದ್ರೆ ಚರ್ಮಕ್ಕೆ ಕ್ಯಾನ್ಸರು."

"ನಮ್ಮ ದೇಶ ಸಹಿ ಹಾಕಿತಾ?"

"ಇಲ್ಲ."

ಈರ ನಕ್ಕ. "ಹಂಗಾರೆ ಬಿಡು ಭಾವ. ದಿಲ್ಲಿಯವ್ರೇ ಹಾಕ್ಲಿಲ್ಲ, ನಮಗೆಂತ?"

ದೇವಪ್ಪ ನಗಲಿಲ್ಲ. ಅವನ ಜನ ದಿನವಿಡೀ ದೋಣಿಯಲ್ಲಿ ಬೆನ್ನು ಸುಟ್ಟುಕೊಳ್ಳುವವರು.

"ಗೊತ್ತಾದ್ಮೇಲೆ ಹೆಂಗೆ ಬಿಡೂದು ಮಾರಾಯ? ಡ್ರಮ್ ತಕಂಡು ಬಾ."

ಗುಂಡಿಯೊಳಗೆ ನೀರು ತುಂಬಿದ ಡ್ರಮ್ ಇಟ್ಟು, ಪೈಪು ಮುಳುಗಿಸಿ, ವಾಲ್ವು ತಿರುಗಿಸಿದರು. ಅಮೋನಿಯಾ ಆಗಿದ್ದರೆ ಗುಳ್ಳೆ ಚಟಪಟ ಎಂದು ನೀರಿನೊಳಗೇ ಮಾಯವಾಗುತ್ತಿತ್ತು. ಇಲ್ಲಿ ಗುಳ್ಳೆಗಳು ಮೇಲೆ ಬಂದು ಒಡೆಯುತ್ತಿದ್ದವು. ದೇವಪ್ಪ ಅದನ್ನು ಕಂಡ. ಬಗ್ಗಿ ಮೂಸಿದ. ವಾಸನೆ ಇರಲಿಲ್ಲ. ನೀರು ಕುಡಿಯುತ್ತಿದೆ ಎಂದುಕೊಂಡು ಇಬ್ಬರೂ ಮೇಲೆ ಬಂದು ಚಾ ಕುಡಿಯಲು ಕೂತರು.

ಫ್ರಿಯಾನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ವಾಸನೆಯಿಲ್ಲ, ಗಾಳಿಗಿಂತ ನಾಲ್ಕು ಪಟ್ಟು ಭಾರ. ಅದು ಉಸಿರಾಡುವ ಗಾಳಿಯನ್ನು ಮೇಲಕ್ಕೆ ತಳ್ಳಿ, ಗುಂಡಿಯ ತಳದಿಂದ ತುಂಬುತ್ತ ಬಂತು.

ಅರ್ಧ ಗಂಟೆಯ ಮೇಲೆ ಈರ ನೋಡಲು ಹೋದ. ಗುಂಡಿಯ ಅಂಚಿನಲ್ಲಿ ನಿಂತು ಕೂಗಿದ, "ಗುಳ್ಳೆ ನಿಂತದೆ ಭಾವ. ವಾಸ್ನೆ ಚೂರೂ ಇಲ್ಲ."

"ಆತು, ಪೈಪು ತೆಗಿ."

ಈರ ಇಳಿದು, ಪೈಪು ತೆಗೆಯಲೆಂದು ಕುಕ್ಕರಗಾಲಲ್ಲಿ ಕೂತ. ಮತ್ತೆ ಏಳಲಿಲ್ಲ. ಸದ್ದೇ ಕೇಳದಿದ್ದಾಗ ದೇವಪ್ಪ ಓಡಿ ಬಂದು ಗುಂಡಿಗಿಳಿದ. ಈರನ ಮೇಲೆ ಬಗ್ಗಿದ್ದೇ ತಡ, ತಲೆ ತಿರುಗಿತು. ಹೇಗೋ ಅಂಚು ಹಿಡಿದು ಹೊರಬಿದ್ದ. ಶೆಡ್ಡಿನವರು ಉದ್ದದ ಕೊಕ್ಕೆ ಹುಡುಕಿ ತಂದು ಈರನನ್ನು ಎಳೆದುಕೊಳ್ಳುವಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು.

"ಪೊಲೀಸ್ರು ಕೇಳಿದ್ರೆ ಹೃದಯ ನಿಂತೋತು ಅಂತ ಹೇಳಿ," ಎಂದ ನಾರಾಯಣ. "ಅದೂ ಸುಳ್ಳಲ್ಲ."

ಪೊಲೀಸರಿಗೆ ದೇವಪ್ಪ ಇದ್ದದ್ದು ಇದ್ದ ಹಾಗೆ ಹೇಳಿದ. ಮೂರನೆಯ ದಿನ ನಾಗಿಗೂ ಹೇಳಿದ. ಆಕೆ ಗೋಡೆಗೊರಗಿ ಪೂರ್ತಿ ಕೇಳಿದಳು.

"ಕಿಟಕಿಯಿಂದ ಹೊರಗೇ ಬಿಟ್ಟಿದ್ರೆ?"

"ಬದುಕ್ತಿದ್ದ."

"ಆಕಾಶ ತೂತಾಗ್ತಿತ್ತು."

"ಪೇಪರಲ್ಲಿ ಹಂಗೆ ಇತ್ತು."

"ಆಕಾಶ ಉಳಿಸೂಕೆ ಹೋದ್ಯಾ ನೀನು?" ನಾಗಿ ಗೋಡೆ ಬಿಟ್ಟು ಎದ್ದಳು. "ಅಣ್ಣ, ಹನ್ನೊಂದರ ದಿನಕ್ಕೆ ನೀ ಬರ್ಬೇಡ."

ದೇವಪ್ಪ ಹೋಗಲಿಲ್ಲ.