ಅಗಲ ಹೊಟ್ಟಿ ಏಡಿ

ಹೊಳಿ ನೀರಿನ ಬೆಳಕ ಅಲಗ್ಯಾಡಿ ಅಲಗ್ಯಾಡಿ ಕೈಯಾಗಿನ ಕಲ್ಲಿನ ಮ್ಯಾಲ ಬಂತು, ಕಲ್ಲೊಳಗಿನ ಏಡಿ ಕಾಲ ಆಡಿಸಿದಂಗ ಕಾಣತೈತಿ, ಸತ್ತು ಎಷ್ಟ ಲಕ್ಷ ವರ್ಷ ಆತೋ, ಆಡಸೂದೆಲ್ಲೀದು ಹುಚ್ಚಪ್ಪಾ — ನರಗುಂದದ ಬಸ್ಸ ಇನ್ನೂ ಬಂದಿಲ್ಲ, ಬರದಿದ್ರ ಚಲೋ, ಚೀಲದಾಗ ಲಕೋಟಿ ಐತಿ, ಒಳಗ ಈ ಏಡಿ ಮ್ಯಾಲ ನಾ ಬರದ ಹಾಳಿ, ಅದನ್ನ ನರಗುಂದದ ಟಪಾಲಿಗೆ ಹಾಕಿದ್ರ ನಾಡಿದ್ದ ಧಾರವಾಡದ ಪ್ರೊಫೆಸರರ ಕೈಗೆ, ಅಲ್ಲಿಂದ ಅಚ್ಚಿಗೆ, ಅಚ್ಚಿನೊಳಗ ಶೇಖವ್ವ, ನನ್ನ ಹೇಣ್ತಿ, ಒಂದು ಫೋಟೋನೂ ಇಲ್ಲದ ಹ್ವಾದಾಕಿ. ಪ್ರೊಫೆಸರರು ಮದ್ರಾಸ ಕಡೆಯಿಂದ ತರಿಸಿದ ಕಲ್ಲುಂಡಿ, ಸುತ್ತಲೂ ಸಣ್ಣಗ ಬಡದ ಒಡದ್ರ ಒಳಗ ಏಡಿ, ಗುರ್ತ ಹಿಡದ ಬರಿಯೋ ಗುರುಸಂಗಪ್ಪ ಅಂದಿದ್ರು, ಕೊಣ್ಣೂರ ಸಾಲಿ ಬಿಟ್ಟ ಮ್ಯಾಲ ನಾ ಮನಿ ಕಟ್ಟಿ ಮ್ಯಾಲ ಕುಂತು ದಬ್ಬಣದ ಮೊನಿಲೆ ಮಣ್ಣ ಕೆರಿಯೂದು, ಆಕಿ ಬಂದು ಉಫ್ ಅಂತ ಊದೂದು, ಕಲ್ಲಿಗೆ ಹೇನ ನೋಡಾಕತ್ತೀರೇನ್ರಿ ಅಂತ ನಗೂದು, ಏಳ ತಿಂಗಳ ಬಸರಿ, ನಕ್ರ ಹೊಟ್ಟಿ ಹಿಡಕೋತಿದ್ಲು — ಕೂಸನ್ನೂ ಕರಕೊಂಡ ಹ್ವಾದ್ಲು, ದವಾಖಾನಿ ಬಾಗಲದಾಗ ನಾ ಇನ್ನೂ ನಿಂತ ಇದ್ದೇನಿ ಅನಸ್ತೈತಿ.

ಎರಡು ಏಡಿ, ಬೆನ್ನು ಒಂದ ನಮೂನಿ, ಹೊಟ್ಟಿ ಬ್ಯಾರೆ, ಒಂದರದ ಹೊಟ್ಟಿ ಮುಚ್ಚಳ ಸಣ್ಣದು, ಚೂಪು, ಒಂದರದ ಅಗಲ, ಸಣ್ಣದಕ್ಕ ಯಾವನೋ ಸಾಹೇಬ ಎಂದೋ ಹೆಸರಿಟ್ಟಾನ, ಅಗಲದ್ದು ಯಾವ ಪುಸ್ತಕದಾಗೂ ಸಿಗಲಿಲ್ಲ, ಹೊಸಾ ಜಾತಿ ಅಂತ ನಾನ ಬರದೆ, ಶೇಖವ್ವನ ಹೆಸರಿಟ್ಟೆ, ಬರಿಯೂಮುಂದ ಅತ್ತೆ, ಸುಳ್ಳ ಯಾಕ ಹೇಳಲಿ. ಈಗ ತಾಸಿನ ಹಿಂದ ಅಂಬಿಗರ ಕರಿಯವ್ವ ಏಡಿ ಬುಟ್ಟಿ ಇಳಿಸಿ ದಣಿವಾರಸ್ಗೋಳಾಕ ಕುಂತ್ಲು, ಏನ್ರಿ ಮಾಸ್ತರ್ರ ಅದು, ತೋರಿಸಿದೆ, ಎರಡನ್ನೂ ಹೊರಳಿಸಿ ನೋಡಿ ಸೆರಗ ಬಾಯಿಗೆ ಹಿಡದ್ಲು, ಇದು ಗಂಡ್ರಿ, ಇದು ಹೆಣ್ಣು, ಎರಡೂ ಒಂದ ಜಾತಿ — ಬುಟ್ಟಿಯಿಂದ ಜೀವಂತದ್ದೊಂದು ತಗದು ಅಂಗಾತ ಮಾಡಿದ್ಲು, ಅಗಲ ಮುಚ್ಚಳ, ನೋಡ್ರಿ ಇದರ ಕೆಳಗ ತತ್ತಿ ಇಟಗೋತೈತಿ, ಮರಿ ಆಗೂತನಕ ಬಿಡೂದುಲ್ಲ. ನಮ್ಮ ಮನ್ಯಾಗ ಏಡಿ ಅಂದ್ರ ಬಾಯಿ ಮುಕ್ಕಳಿಸೋ ಮಂದಿ, ಸಂತ್ಯಾಗ ಮೀನದವರ ಸಾಲ ಬಂದ್ರ ಮೂಗ ಮುಚಗೊಂಡ ದಾಟಿದಾಂವ ನಾನು, ಜನ್ಮದಾಗ ಒಂದ ಏಡಿ ಹೊರಳಿಸಿ ನೋಡಿಲ್ಲ, ಪುಸ್ತಕದಾಗ ಬರೇ ಬೆನ್ನ ನೋಡಿ ಪಂಡಿತ ಆದೆ.

ಬಿಡು, ಯಾರಿಗೆ ತಿಳಿತೈತಿ, ಪ್ರೊಫೆಸರರೂ ನಮ್ಮವರ, ಲಿಂಗಪೂಜಿ ಆಗದ ನೀರ ಕುಡಿಯೂದುಲ್ಲ, ಅವರ ಯಾವ ಏಡಿ ಹೊರಳಿಸ್ತಾರ, ಕರಿಯವ್ವ ಅಚ್ಚಿನ ಹಾಳಿ ಓದೂದುಲ್ಲ, ಹೆಸರ ಉಳಿತೈತಿ, ಇದೊಂದ ಉಳಿತೈತಿ — ಖರೇ, ಆದ್ರ ಹಿಂಗ ಉಳಿಸಿದ್ರ ಆಕಿಗೆ ಏನ ಕೊಟ್ಟಂಗಾತು, ಸುಳ್ಳಿನ ಮ್ಯಾಲ ಆಕಿ ಹೆಸರು, ಆಕಿ ಇದ್ದಿದ್ರ ಇಷ್ಟೊತ್ತಿಗೆ ನಕ್ಕು ನಕ್ಕು ಸಾಕಾಗತಿತ್ತು, ಗಂಡು ಹೆಣ್ಣು ತಿಳಿಲಿಲ್ಲೇನ್ರಿ ನಿಮಗ. ಬಸ್ಸ ಹಾರ್ನ ಹೊಡಿತು, ದೂರ ಐತಿ, ಲಕೋಟಿ ಹರದೆ, ಹಾಳಿ ತೊಡಿ ಮ್ಯಾಲ ಇಟ್ಟೆ, ಶೇಖವ್ವ ಅನ್ನೂದರ ಮ್ಯಾಲ ಗೀಟ ಎಳದೆ, ಸಾಹೇಬ ಇಟ್ಟ ಹೆಸರನ್ನ ಬರದೆ, ಬಾಜೂಕ ಹೆಣ್ಣು ಅಂತ ಬರದೆ, ಅಷ್ಟ, ಆಕಿ ಹೆಸರು ಇನ್ನ ಎಲ್ಲೂ ಇಲ್ಲ — ಕಲ್ಲ ಬಿಸಲಿಗೆ ಬಿಸಿ ಆಗೈತಿ, ಹೆಬ್ಬಟ್ಟ ಅಗಲ ಮುಚ್ಚಳದ ಮ್ಯಾಲ ಐತಿ, ಕೆಳಗ ತತ್ತಿ ಇದ್ದುವೋ ಏನೋ, ಮುಚ್ಚೇತಿ, ಇನ್ನೂ ಗಟ್ಟಿ ಮುಚ್ಚಿಕೊಂಡೈತಿ