ಸೊಸ್ಲಾನನ ಮೊದಲ ಗುಟುಕು

ನನ್ನ ಗಂಡ ಶಕ್ರೋನ ಹಟಕ್ಕೆ ಮದ್ದಿಲ್ಲ. ಮಗಳು ಲಮಾರಾ ಹುಟ್ಟಿದ ವರ್ಷದ ವೈನನ್ನು ಹಿತ್ತಿಲಲ್ಲಿ ಹೂತಿದ್ದ ಮಣ್ಣಿನ ಗುಡಾಣಕ್ಕೆ ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿದ್ದ. ಅದನ್ನು ತೆರೆಯುವುದು ಅವಳ ಮದುವೆಗೇ. ಜಾರ್ಜಿಯದಲ್ಲಿ ಹೆಣ್ಣು ಹೆತ್ತವರ ರೂಢಿ ಅದು. ಉತ್ತರದ ದೇಶದೊಡನೆ ನಡೆದ ಯುದ್ಧ ಮುಗಿದ ಮೇಲೆ ಅಲ್ಲಿನ ಸೈನಿಕರು ಬಂದು ನಮ್ಮ ಹಿತ್ತಿಲ ನಡುವೆಯೇ ಮುಳ್ಳುತಂತಿ ಎಳೆದರು. ಮನೆ ಈಚೆ ಉಳಿಯಿತು, ಗುಡಾಣ ಆಚೆ ಹೋಯಿತು. ದಾಟಿದವರನ್ನು ಹಿಡಿದೊಯ್ಯುತ್ತಿದ್ದರು.

ಮದುವೆ ಗೊತ್ತಾದಾಗ ಬೀಗರು, "ಗೋರಿ ಪಟ್ಟಣದ ಪೇಟೆಯಿಂದ ವೈನು ತರಿಸೋಣ, ಅದಕ್ಕೇನಂತೆ," ಎಂದರು.

"ಪೇಟೆ ವೈನು ಕುಡಿಸಿ ಮಗಳನ್ನ ಕಳಿಸೋಕೆ ನಾನೇನು ಗತಿಗೆಟ್ಟೋನಾ?" ಎಂದ ಶಕ್ರೋ. "ಆ ಗುಡಾಣ ತೆಗೀದೆ ಮದುವೆ ಇಲ್ಲ."

ಲಮಾರಾ ಅಡುಗೆಮನೆ ಸೇರಿ ಅತ್ತಳು. ನಾನು ಶಕ್ರೋಗೆ ಬಾಯಿಗೆ ಬಂದಂತೆ ಬೈದೆ. ಆದರೆ ನನ್ನ ಹೊಟ್ಟೆಯೂ ಉರಿಯುತ್ತಿತ್ತು. ನಾವು ತುಳಿದ ದ್ರಾಕ್ಷಿ, ನಾವು ಅಗೆದ ನೆಲ. ಯಾರೋ ತಂತಿ ಎಳೆದ ಮಾತ್ರಕ್ಕೆ ಅವರದಾಗಿಬಿಡುತ್ತದೆಯೇ?

ಕೊನೆಗೆ ಗುಡಾಣ ತೆರೆದವನು ಸೊಸ್ಲಾನ್. ಅವನು ಒಸ್ಸೆಟಿಯ ಜನಾಂಗದವನು, ಆಚೆ ಕಡೆಯ ನೆರೆಯವ. ತಂತಿ ಬರುವ ಮೊದಲು ಅವನ ಕೋಳಿ ಯಾವುದು ನಮ್ಮ ಕೋಳಿ ಯಾವುದು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಗರ್ಜಿಯಲ್ಲಿ ಲಮಾರಾಳನ್ನು ಎತ್ತಿ ಹಿಡಿದು ಧರ್ಮತಂದೆಯಾದವನೂ ಅವನೇ. ಮದುವೆಯ ಮುನ್ನಾದಿನ ಗುದ್ದಲಿ ಹಿಡಿದು ಬಂದ.

"ಬೇಡ ಮಾರಾಯಾ, ನಿನ್ನ ಎಳ್ಕೊಂಡು ಹೋಗ್ತಾರೆ," ಎಂದೆ.

"ನಾನು ಯಾವ ಗಡಿ ದಾಟ್ದೆ ತಂಗೀ? ನನ್ನ ಕಡೇಲೇ ನಿಂತಿದೀನಿ. ಮಾತು ಬಿಟ್ಟು ಪೈಪು ಕೊಡು."

ತಂತಿಯ ಸಂದಿಯಲ್ಲಿ ಪೈಪು ತೂರಿಸಿದೆವು. ಅವನು ಸೋರೆಬುರುಡೆಯ ಸೌಟಿನಲ್ಲಿ ಮೊಗೆಮೊಗೆದು ಆಲಿಕೆಗೆ ಸುರಿದ, ಇಳಿಜಾರಿನ ಈಚೆ ನಾವು ಕ್ಯಾನು ತುಂಬಿಸಿಕೊಂಡೆವು. ನಮ್ಮ ರೂಢಿಯಲ್ಲಿ, ಗುಡಾಣದ ಮುಚ್ಚಳ ಯಾರು ತೆಗೆದರೋ ಅವರೇ ಮೊದಲ ಗುಟುಕು ಕುಡಿದು, ಹುಳಿಯಾಗಿಲ್ಲ ಎನ್ನಬೇಕು. ಅಲ್ಲಿಯವರೆಗೆ ಬೇರೆ ಯಾರೂ ಬಾಯಿಗಿಡುವಂತಿಲ್ಲ. "ಮೊದ್ಲು ತುಂಬ್ಕೊಳ್ಳಿ, ರುಚಿ ಆಮೇಲೆ," ಎಂದ ಸೊಸ್ಲಾನ್. ಅಷ್ಟರಲ್ಲಿ ಜೀಪು ಬಂತು. ಸೈನಿಕರು ಪೈಪು ಕತ್ತರಿಸಿ, ಗುಡಾಣಕ್ಕೆ ಮಣ್ಣು ತಳ್ಳಿ, ಅವನನ್ನು ಹತ್ತಿಸಿಕೊಂಡು ಹೋದರು.

ಮರುದಿನ ಇಗರ್ಜಿಯಿಂದ ಬಂದವನೇ ಶಕ್ರೋ ಊಟದ ಮೇಜುಗಳನ್ನೆಲ್ಲ ತಂತಿಯ ಬುಡಕ್ಕೆ ಹೊರಿಸಿದ. ಬಟ್ಟಲುಗಳಿಗೆ ವೈನು ಸುರಿಸಿದ. ಯಾರೂ ಮುಟ್ಟಲಿಲ್ಲ. ಆಚೆ ನಿಂತ ಸೈನಿಕ ತನ್ನ ಭಾಷೆಯಲ್ಲಿ, ಎದ್ದು ಹೋಗಿ ಎಂದು ಗದರಿದ. ಆ ಭಾಷೆ ಶಕ್ರೋಗೆ ನೀರು ಕುಡಿದಷ್ಟು ಸಲೀಸು. ಆದರೂ ಜಾರ್ಜಿಯನ್ನಿನಲ್ಲೇ ಹೇಳಿದ: "ನನ್ನ ಹಿತ್ಲು, ನನ್ನ ಮೇಜು. ಮೊದ್ಲು ಕುಡಿಯೋನು ಬರಬೇಕು. ಅವನನ್ನ ನೀವು ಹಿಡಿದಿಟ್ಕೊಂಡಿದೀರಿ. ಬಿಡೋತನಕ ಕೂತಿರ್ತೀವಿ."

ಸೈನಿಕನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ದರ್ದು ನಮಗೂ ಇರಲಿಲ್ಲ. ಗಂಡಸರು ಹಾಡು ಎತ್ತಿದರು.

"ಬಟ್ಲು ತುಂಬಿಸ್ಕೊಂಡು ಬಾಯಾರಿ ಕೂರೋ ಮದ್ವೇನ ನಾನೆಲ್ಲೂ ಕಂಡಿಲ್ಲ," ಎಂದು ಗೊಣಗಿದಳು ಬೀಗಿತ್ತಿ.

"ಈಗ ಕಣ್ತುಂಬ ನೋಡಿ," ಎಂದೆ.

ಬಿಸಿಲು ಏರಿತು. ಊರವರು ಒಬ್ಬೊಬ್ಬರೇ ಕುರ್ಚಿ ಹಿಡಿದು ಬಂದರು. ಆಚೆ ಕಡೆ ಸೊಸ್ಲಾನನ ಊರವರೂ ಬಂದು ನಿಂತರು. ಒಬ್ಬಿಬ್ಬರಲ್ಲ, ಊರಿಗೆ ಊರೇ. ಸೈನಿಕರು ಮತ್ತೆ ಮತ್ತೆ ಫೋನಿನಲ್ಲಿ ಮಾತಾಡಿದರು.

ಹೊತ್ತು ಇಳಿಯುವಾಗ ಸೊಸ್ಲಾನನನ್ನು ಬಿಟ್ಟರು. ತುಟಿ ಊದಿತ್ತು, ಅಂಗಿಯ ಕೊರಳು ಹರಿದಿತ್ತು. ನೇರ ತಂತಿಗೇ ನಡೆದು ಬಂದ. ಶಕ್ರೋ ಬಟ್ಟಲು ಚಾಚಿದ. ಅದು ಸಂದಿಯಲ್ಲಿ ತೂರಲಿಲ್ಲ.

ಲಮಾರಾ ಎದ್ದಳು. ಬೊಗಸೆಯೂ ತೂರದ ಸಂದಿಯದು. ಒಂದೇ ಅಂಗೈಗೆ ವೈನು ಸುರಿದುಕೊಂಡು, ಮದುವೆಯ ಉಡುಪಿನ ಬಿಳಿ ತೋಳಿನ ಸಮೇತ ಕೈ ತೂರಿಸಿದಳು. ಮುಳ್ಳಿಗೆ ಬಟ್ಟೆ ಪರ್ರನೆ ಹರಿಯಿತು. ಸೈನಿಕ ಬಂದೂಕು ಎತ್ತಿದ. ಮಗಳು ಕೈ ಹಿಂದೆಗೆಯಲಿಲ್ಲ.

ಸೊಸ್ಲಾನ್ ಬಂದೂಕಿನ ಕಡೆ ಬೆನ್ನು ಹಾಕಿ, ಬಗ್ಗಿ, ಅವಳ ಅಂಗೈಯಿಂದ ಕುಡಿದ. ಊದಿದ ತುಟಿ ಉರಿದಿರಬೇಕು, ಮುಖ ಕಿವುಚಿದ. ನಾವೆಲ್ಲ ಅವನ ಬಾಯನ್ನೇ ನೋಡುತ್ತಿದ್ದೆವು.

"ಹುಳಿಯಾಗಿಲ್ಲ," ಎಂದ. "ಕುಡೀರಿ."